ಕಾಲುದಾರಿಯ ವಾರಸುದಾರರು

ಘಟ್ಟದ ಬೆಟ್ಟಗಳನ್ನು ಹತ್ತಿ ಇಳಿದ ವರ್ಷಗಳನ್ನು ಈಗ ಕೂತು ನೆನೆಸಿಕೊಂಡರೆ, ತುದಿಯಲ್ಲಿ ನಿಂತು ಕಂಡದ್ದು ಅಷ್ಟಾಗಿ ಕಣ್ಣಿಗೆ ಕಟ್ಟುವುದಿಲ್ಲ. ತುದಿಯಲ್ಲಿ ಬಹಳ ಸಲ ಇದ್ದದ್ದು ಮಂಜು, ಗಾಳಿ, ಕತ್ತಲಾಗುವುದರೊಳಗೆ ಇಳಿಯಬೇಕೆಂಬ ಅವಸರ. ನೆನಪು ಹಿಡಿದಿಟ್ಟುಕೊಂಡಿರುವುದು ಕಾಲಬುಡದ ಸಂಗತಿಗಳನ್ನು. ಹಳ್ಳಕ್ಕೆ ಅಡ್ಡಲಾಗಿ ಎರಡು ಅಡಿಕೆ ಮರ ಹಾಕಿ ಮಾಡಿದ ಕಾಲುಸಂಕ, ಅದರ ಪಕ್ಕದಲ್ಲಿ ಕೈಯಾಸರೆಗೆಂದು ಬಳ್ಳಿಯಿಂದ ಬಿಗಿದ ಬಿದಿರು. ಹುಲ್ಲಿನ ಬ್ಯಾಣದ ಬೇಲಿಗೆ, ದಾಟಲೆಂದು ಇಟ್ಟ ಉಣುಗೋಲು. ಏರು ಮುಗಿಯುವ ಕಡೆ ಎದೆಯೆತ್ತರಕ್ಕೆ ಪೇರಿಸಿದ ಕಲ್ಲು. ಆ ಕಲ್ಲಿನ ಎತ್ತರವನ್ನು ಯಾರೋ ಲೆಕ್ಕ ಹಾಕಿಯೇ ನಿಲ್ಲಿಸಿದ್ದರು. ತಲೆಹೊರೆ ಹೊತ್ತವನು ಬಗ್ಗದೆ, ಇನ್ನೊಬ್ಬರನ್ನು ಕೂಗದೆ, ಹೊರೆಯನ್ನು ಜಾರಿಸಿಟ್ಟು ಬೆವರೊರೆಸಿಕೊಂಡು ಮತ್ತೆ ತಲೆಗೇರಿಸಿಕೊಳ್ಳಲು ಸರಿಯಾಗುವಷ್ಟು. ಬೆನ್ನಿಗೆ ಚೀಲ ಹಾಕಿಕೊಂಡು ಹೋದ ನಮ್ಮಂಥವರಿಗೆ ಅದು ಫೋಟೊ ತೆಗೆಸಿಕೊಳ್ಳುವ ಜಾಗವಾಗಿತ್ತು. ಮನುಷ್ಯನ ಸೋಂಕಿಲ್ಲದ ಕಾಡು ಎಂದುಕೊಂಡು ನಾವು ನಡೆದ ದಾರಿಗಳಲ್ಲಿ ಮನುಷ್ಯನ ಕೈ ಆಡದ ಮಾರು ನೆಲವೂ ಇರಲಿಲ್ಲ ಎನ್ನುವುದು ನನಗೆ ಈಗ ಖಚಿತವಾಗಿದೆ. ಆ ದಾರಿಗಳನ್ನು ಯಾರೋ ಮಾಡಿದ್ದರು, ವರ್ಷವರ್ಷವೂ ದುರಸ್ತಿ ಮಾಡುತ್ತಿದ್ದರು. ಚಾರಣಿಗರು ಬಂದದ್ದು ಕೊನೆಗೆ. ದಾರಿಯನ್ನು ಬಳಸುವ ಹಕ್ಕು ನಮ್ಮ ಪಾಲಿಗೆ ಬಂತು, ಅದನ್ನು ನೋಡಿಕೊಳ್ಳುವ ಕೆಲಸ ಯಾರ ಪಾಲಿಗೂ ಬರಲಿಲ್ಲ. ಇವತ್ತು ಬೆಟ್ಟಗಳ ಮೇಲೆ ಕಾಣುವ ಹಾಳಿಗೆ ಮೂಲ ಕಾರಣ ಇದು, ಜನಸಂದಣಿ ಎರಡನೆಯದು.

ಈ ದಾರಿಗಳು ಹುಟ್ಟಿದ್ದು ಹೇಗೆಂದು ನೋಡಿದರೆ ಮಾತು ಸ್ಪಷ್ಟವಾಗುತ್ತದೆ. ಕೆಳಗೆ ಉಪ್ಪು, ಒಣಮೀನು, ತೆಂಗಿನಕಾಯಿ. ಮೇಲೆ ಅಡಿಕೆ, ಕಾಳುಮೆಣಸು, ಏಲಕ್ಕಿ. ಕೆಳದಿ ಅರಸರ ಸಂಪತ್ತಿನಲ್ಲಿ ದೊಡ್ಡ ಪಾಲು ಮೆಣಸಿನದು, ಅದು ಘಟ್ಟವಿಳಿದು ಬಸ್ರೂರು, ಹೊನ್ನಾವರ, ಮಂಗಳೂರಿನ ಬಂದರುಗಳಿಗೆ ಹೋಗಬೇಕಿತ್ತು. ಹೇರೆತ್ತುಗಳ ಬೆನ್ನ ಮೇಲೆ, ಆಳುಗಳ ತಲೆಯ ಮೇಲೆ ಹೋಗುತ್ತಿತ್ತು. ಇವತ್ತು ಡಾಂಬರು ಕಂಡಿರುವ ಘಾಟಿಗಳು ಬೆರಳೆಣಿಕೆಯಷ್ಟು. ಅವುಗಳ ನಡುನಡುವೆ ಒಂದೊಂದು ಊರಿಗೂ ತನ್ನದೇ ಒಂದು ಇಳಿದಾರಿ ಇತ್ತು. ಹೊಯ್ಸಳರ ಕಾಲದ್ದೆಂದು ಹೇಳುವ ಬಲ್ಲಾಳರಾಯನದುರ್ಗ ಘಟ್ಟದ ಅಂಚಿನಲ್ಲಿ, ಬಂಡಾಜೆ ಅರ್ಬಿ ಧುಮುಕುವ ಜಾಗಕ್ಕೆ ಸಮೀಪದಲ್ಲಿ ಕೂತಿದೆ. ಕೋಟೆಯನ್ನು ಯಾರೂ ನೋಟದ ಚಂದಕ್ಕೆ ಕಟ್ಟುವುದಿಲ್ಲ. ಕಾಯಬೇಕಾದ ದಾರಿ ಅಲ್ಲಿದ್ದರೆ ಕಟ್ಟುತ್ತಾರೆ. ಇನ್ನು ಘಟ್ಟದ ಕೆಳಗಿನಿಂದ ತೋಟದ ಕೂಲಿಗೆ ಹತ್ತಿ ಬಂದವರು, ಹೆಣ್ಣು ಕೊಟ್ಟು ತಂದ ಮನೆಗಳ ನಡುವೆ ಓಡಾಡಿದವರು, ಶಿವರಾತ್ರಿಗೆ ಚಾರ್ಮಾಡಿಯಿಳಿದು ಧರ್ಮಸ್ಥಳಕ್ಕೆ ನಡೆಯುವವರು, ಕುಕ್ಕೆಯಿಂದ ಕುಮಾರಪರ್ವತಕ್ಕೆ, ಕೊಲ್ಲೂರಿನಿಂದ ಕೊಡಚಾದ್ರಿಗೆ ಹರಕೆ ಹೊತ್ತವರು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ 1967ರಲ್ಲಿ ಬಂತು; ಓದಿದವರಿಗೆ ಗೊತ್ತಿರುತ್ತದೆ, ಅದರ ಜನ ಕೂತಿದ್ದಕ್ಕಿಂತ ನಡೆದದ್ದೇ ಹೆಚ್ಚು. ಆ ಮಳೆಯಲ್ಲಿ, ಆ ಇಂಬಳಗಳ ನಡುವೆ ಅವರು ನಡೆದದ್ದು ಹವ್ಯಾಸಕ್ಕಲ್ಲ.

ಹೊರೆ ಹೊತ್ತು ನಡೆಯುವವರು ದಾರಿಯನ್ನು ಆರಿಸುವ ಕ್ರಮವೇ ಬೇರೆ. ಅವರಿಗೆ ಬೆಟ್ಟದ ತುದಿಯಿಂದ ಆಗಬೇಕಾದ್ದೇನೂ ಇಲ್ಲ. ಎರಡು ಬೆಟ್ಟಗಳ ನಡುವಿನ ತಗ್ಗು ಎಲ್ಲಿದೆ ಎಂದು ನೋಡುತ್ತಾರೆ. ನೇರ ಏರನ್ನು ತಪ್ಪಿಸಿ ಪಕ್ಕಕ್ಕೆ ಸುತ್ತುತ್ತಾರೆ, ಏಕೆಂದರೆ ಹೇರೆತ್ತು ಕಡಿದಾದ ಏರನ್ನು ಹತ್ತಲಾರದು, ಇಳಿಯುವುದಂತೂ ಇನ್ನೂ ಕಷ್ಟ. ಬೆಟ್ಟದ ಹುಲ್ಲಿನಲ್ಲಿ ಮೇಯುವ ದನಗಳ ಜಾಡನ್ನು ಗಮನಿಸಿದರೂ ಇದೇ ಕಾಣುತ್ತದೆ. ಒಂದರ ಮೇಲೊಂದು ಸಣ್ಣ ಮೆಟ್ಟಿಲುಗಳ ಹಾಗೆ, ಇಳಿಜಾರಿಗೆ ಅಡ್ಡವಾಗಿ ಹೋಗಿರುತ್ತವೆ. ಅಡ್ಡ ಹೋದ ಜಾಡಿನಲ್ಲಿ ಮಳೆನೀರು ನಿಲ್ಲುವುದಿಲ್ಲ, ದಾಟಿ ಕೆಳಗಿನ ಹುಲ್ಲಿಗೆ ಹೋಗುತ್ತದೆ. ನೇರ ಇಳಿದ ಜಾಡು ಮೊದಲ ಆರಿದ್ರಾ ಮಳೆಗೇ ಹಳ್ಳವಾಗುತ್ತದೆ. ನೇರ ಇಳಿಯುವುದು ಅನಿವಾರ್ಯವಾದಲ್ಲಿ ಹಳಬರು ಮಾಡುತ್ತಿದ್ದ ಕೆಲಸವನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಹತ್ತು ಹದಿನೈದು ಹೆಜ್ಜೆಗೊಮ್ಮೆ, ಒಂದು ಉದ್ದ ಕಲ್ಲನ್ನೋ ಮರದ ತುಂಡನ್ನೋ ದಾರಿಗೆ ಅಡ್ಡ ಹೂಳುತ್ತಾರೆ. ಅದು ನೇರ ಅಡ್ಡವಲ್ಲ, ಸ್ವಲ್ಪ ಓರೆ. ಓರೆಯ ತಗ್ಗಿನ ತುದಿಯಲ್ಲಿ ಬದುವನ್ನು ಒಂದು ಗೇಣು ಕಡಿದು ಬಿಟ್ಟಿರುತ್ತಾರೆ. ಮೇಲಿನಿಂದ ಬರುವ ನೀರು ಕಲ್ಲಿಗೆ ತಾಗಿ, ತಿರುಗಿ, ಆ ಕಡಿತದಿಂದ ಹೊರಗೆ ಹೋಗುತ್ತದೆ. ಕಡಿತದಲ್ಲಿ ತರಗೆಲೆ ತುಂಬಿದರೆ ಇಡೀ ಏರ್ಪಾಡು ಕೆಟ್ಟಿತು. ಹಾಗಾಗಿ ಯಾರಾದರೂ ವರ್ಷಕ್ಕೊಮ್ಮೆ ಗುದ್ದಲಿ ಹಿಡಿದು ಬಿಡಿಸಲೇಬೇಕು. ಅಡಿಕೆ ತೋಟದಲ್ಲಿ ಮಳೆಗಾಲಕ್ಕೆ ಮುಂಚೆ ಬಸಿಗಾಲುವೆ ಬಿಡಿಸುವವರಿಗೆ ಇದು ಕಲಿಸಿಕೊಡಬೇಕಾದ ವಿದ್ಯೆಯಲ್ಲ. ತೋಟದ ಕೆಲಸವೇ ಸ್ವಲ್ಪ ಮೇಲಕ್ಕೆ ಹೋಯಿತು, ಅಷ್ಟೆ. ತೀರ್ಥಹಳ್ಳಿ ಸೀಮೆಯ ಕವಲೇದುರ್ಗಕ್ಕೆ ಹತ್ತುವ ಕಲ್ಲುಹಾಸಿನ ದಾರಿಯನ್ನು ಗಮನಿಸಿ. ಕೆಳದಿಯವರ ಆಳ್ವಿಕೆ ಮುಗಿದು ಎರಡೂವರೆ ಶತಮಾನ ಕಳೆದರೂ, ಮಲೆನಾಡಿನ ಅಷ್ಟೂ ಮಳೆ ಹೊಯ್ದರೂ, ಅಲ್ಲಿ ಕಾಲಿಡಲು ಕಲ್ಲು ಇದೆ.

ಈ ದಾರಿಗಳ ಕೆಲಸ ಒಂದೊಂದಾಗಿ ಮುಗಿದದ್ದು ಸಹಜವಾಗಿಯೇ. ಲಾರಿ ಬಂತು, ಉಪ್ಪು ಲಾರಿ ಹತ್ತಿತು. ಕುದುರೆಮುಖದ ಕಥೆಯಂತೂ ವಿಚಿತ್ರ. 1976ರಲ್ಲಿ ಅಲ್ಲಿ ಕಬ್ಬಿಣದ ಅದಿರಿನ ಕಂಪನಿ ಶುರುವಾಯಿತು. ಅದಿರನ್ನು ಪುಡಿಮಾಡಿ ನೀರಿನಲ್ಲಿ ಕಲಸಿ 67 ಕಿಲೋಮೀಟರು ಉದ್ದದ ಕೊಳವೆಯಲ್ಲಿ ಮಂಗಳೂರಿಗೆ ಇಳಿಸುತ್ತಿದ್ದರು. ಅಷ್ಟು ದೊಡ್ಡ ಹೊರೆ ಯಾವ ಕಾಲುದಾರಿಯ ಹಂಗೂ ಇಲ್ಲದೆ ಘಟ್ಟದಿಂದ ಇಳಿಯಿತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಅಷ್ಟರೊಳಗೆ, 1987ರಲ್ಲೇ, ಸುತ್ತಲಿನ ಬೆಟ್ಟಗಳು ರಾಷ್ಟ್ರೀಯ ಉದ್ಯಾನವಾಗಿದ್ದವು. ಸಕಲೇಶಪುರ-ಸುಬ್ರಹ್ಮಣ್ಯದ ರೈಲುಹಳಿಯದು ಇನ್ನೊಂದು ಬಗೆ. ಮೀಟರ್‌ಗೇಜನ್ನು ಬ್ರಾಡ್‌ಗೇಜಿಗೆ ಬದಲಿಸಲು ರೈಲು ನಿಲ್ಲಿಸಿದ್ದ ವರ್ಷಗಳಲ್ಲಿ, 50ಕ್ಕೂ ಹೆಚ್ಚು ಸುರಂಗಗಳ ಆ ಹಳಿಯೇ ಚಾರಣದ ಹಾದಿಯಾಯಿತು, ಯಡಕುಮೇರಿ ನಿಲ್ದಾಣ ಹೆಸರುವಾಸಿಯಾಯಿತು. ರೈಲು ಮತ್ತೆ ಓಡತೊಡಗಿದ ಮೇಲೆ ಹಳಿಯ ಮೇಲೆ ನಡೆಯುವುದು ಅಪರಾಧ, ಅಪಾಯ ಕೂಡ. ದಾರಿ ಯಾರ ಉಪಯೋಗಕ್ಕಿದೆಯೋ ಅವರದಾಗಿರುತ್ತದೆ ಎನ್ನುವುದಕ್ಕೆ ಇದಕ್ಕಿಂತ ಚಿಕ್ಕ ಉದಾಹರಣೆ ಸಿಗಲಾರದು. ಹೀಗೆ ಖಾಲಿಯಾದ ದಾರಿಗಳಲ್ಲಿ ಹೆಚ್ಚಿನವು ಲಂಟಾನ, ಈಚಲು, ಬಿದಿರಿನ ಅಡಿ ಮುಚ್ಚಿಹೋದವು. ಉಳಿದ ಕೆಲವೇ ಕೆಲವು ಶಿಖರಕ್ಕೆ ಹೋಗುತ್ತಿದ್ದ ಕಾರಣಕ್ಕೆ ನಮಗೆ ಸಿಕ್ಕಿದವು. ಎಲ್ಲರ ಕಾಲೂ ಅವುಗಳ ಮೇಲೇ ಬಿತ್ತು.

ಬಿದ್ದದ್ದರ ಪರಿಣಾಮವನ್ನು ನೋಡಬೇಕಾದರೆ ಕುಮಾರಪರ್ವತದಲ್ಲಿ ಗಿರಿಗದ್ದೆಯಿಂದ ಮೇಲಿನ ಹುಲ್ಲಿನ ಏರನ್ನು, ಕುದುರೆಮುಖದ ಕೊನೆಯ ಏರನ್ನು ನೋಡಬೇಕು. ಹುಲ್ಲಿನ ಬೇರು ಹೆಣೆದ ಮೇಲ್ಮಣ್ಣು ಗೇಣುದ್ದವೂ ಇರುವುದಿಲ್ಲ. ಬೂಟುಕಾಲು ಆ ಹೆಣಿಗೆಯನ್ನು ಹರಿಯುತ್ತದೆ. ಹರಿದ ಮೇಲೆ ಉಳಿದ ಕೆಲಸ ನೀರಿನದು. ಆಗುಂಬೆ, ಕುದುರೆಮುಖದ ಕಡೆ ವರ್ಷಕ್ಕೆ 6,000 ಮಿಲಿಮೀಟರಿಗೂ ಹೆಚ್ಚು ಮಳೆ, ಅದರ ಬಹುಭಾಗ ನಾಲ್ಕೇ ತಿಂಗಳಲ್ಲಿ. ಎರಡು ಮಳೆಗಾಲದಲ್ಲಿ ಜಾಡು ಮೊಳಕಾಲುದ್ದದ ಕೊರಕಲಾಗುತ್ತದೆ, ತಳದಲ್ಲಿ ಉರುಳುಗಲ್ಲು ತೇಲುತ್ತವೆ. ಅದರೊಳಗೆ ನಡೆಯಲು ಕಷ್ಟವೆಂದು ಜನ ಅಂಚಿನ ಹುಲ್ಲಿನ ಮೇಲೆ ನಡೆಯುತ್ತಾರೆ. ಅಲ್ಲೊಂದು ಹೊಸ ಜಾಡು, ಮುಂದಿನ ಮಳೆಗೆ ಹೊಸ ಕೊರಕಲು. ಒಂದು ಮಾರು ಅಗಲವಿದ್ದ ದಾರಿ ಹೀಗೆ ಪಕ್ಕಕ್ಕೆ ಹರಡುತ್ತಾ ಹೋಗುತ್ತದೆ. ಇದರ ಜೊತೆಗೆ ತಿರುವುಗಳನ್ನು ಕತ್ತರಿಸಿ ನೇರ ಇಳಿಯುವ ನಮ್ಮ ಚಟ ಬೇರೆ. ಸುತ್ತುದಾರಿ ಹೊರೆಯವರಿಗೆ ಉಪಕಾರ ಮಾಡುತ್ತಿತ್ತು. ಬಸ್ಸು ತಪ್ಪುತ್ತದೆಂದು ಓಡುವವರಿಗೆ ಅದು ಅಡ್ಡಿ. ನಾನು ಬೆಟ್ಟ ಹತ್ತುತ್ತಿದ್ದ ದಿನಗಳಲ್ಲಿ ತೆಳ್ಳನೆಯ ಗೆರೆಯಾಗಿ ಇದ್ದ ಕೆಲವು ಏರುಗಳು ಈಗ ದೂರದ ರಸ್ತೆಯಿಂದಲೇ ಕೆಂಪಗೆ ಕಾಣುತ್ತವೆ.

ಇಷ್ಟಕ್ಕೆಲ್ಲ ಸಂಖ್ಯೆಯೇ ಕಾರಣ, ಜನರನ್ನು ಕಡಿಮೆ ಮಾಡಿದರೆ ಸಾಕು ಎಂಬುದು ಎದುರಿನ ಮೊದಲ ವಾದ. ಅದರಲ್ಲಿ ತೂಕವಿದೆ. 2024ರ ಜನವರಿ ಕೊನೆಯಲ್ಲಿ, ಸಾಲುರಜೆಯಲ್ಲಿ, ಕುಮಾರಪರ್ವತದ ದಾರಿಯಲ್ಲಿ ಸಾವಿರಾರು ಜನ ಇರುವೆಸಾಲಿನಂತೆ ನಿಂತ ಚಿತ್ರಗಳನ್ನು ರಾಜ್ಯವೇ ನೋಡಿತು. ಅದಾದ ಮೇಲೆ ಸರ್ಕಾರ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿ, ದಿನಕ್ಕಿಷ್ಟೇ ಜನವೆಂದು ಮಿತಿ ಹಾಕಿತು. ಹಾಕಿದ್ದು ಸರಿ. ಆದರೆ ಮಿತಿ ಎಂಬುದು ಹಾಳಾಗುವ ವೇಗವನ್ನಷ್ಟೇ ತಗ್ಗಿಸುತ್ತದೆ. ಒಮ್ಮೆ ಕೊರಕಲು ಬಿದ್ದ ಇಳಿಜಾರಿನಲ್ಲಿ ಒಬ್ಬನೂ ನಡೆಯದಿದ್ದರೂ ನೀರು ಅದನ್ನು ಕೊರೆಯುತ್ತಲೇ ಇರುತ್ತದೆ. ನೀರಿಗೆ ಬುಕಿಂಗ್ ಬೇಕಿಲ್ಲ. ಇನ್ನೊಂದು, ದಿನಕ್ಕೆ ಎಷ್ಟು ಜನ ಎಂದು ಎಣಿಸುವವರು ಯಾವ ದಿನ ಎಂದು ಕೇಳುವುದು ಕಡಿಮೆ. ಹಿಂದೆ ಮಲೆನಾಡಿನ ಮನೆಗಳಲ್ಲಿ ಉಪ್ಪು, ಮೆಣಸಿನಕಾಯಿ, ಒಣಮೀನನ್ನು ಮಳೆಗಾಲಕ್ಕೆ ಮುಂಚೆಯೇ ದಾಸ್ತಾನು ಮಾಡುತ್ತಿದ್ದರು. ಆಷಾಢದಲ್ಲಿ ಘಟ್ಟ ಹತ್ತಿಳಿಯುತ್ತಿದ್ದದ್ದು ತೀರಾ ಅಗತ್ಯವಿದ್ದವರು ಮಾತ್ರ. ದಾರಿಗೆ ಅದು ಬಿಡುವಿನ ಕಾಲವಾಗಿತ್ತು. ಈಗ ಕುದುರೆಮುಖ, ನೇತ್ರಾವತಿ ಶಿಖರದ ಕಡೆ ಜನ ಮುಗಿಬೀಳುವುದೇ ಹಸಿರು ಉಕ್ಕುವ ಜುಲೈ, ಆಗಸ್ಟಿನಲ್ಲಿ. ನೆಲ ಹಿಟ್ಟಿನಂತೆ ನೆನೆದಿರುವ ಹೊತ್ತಿಗೇ ಅತಿ ಹೆಚ್ಚು ಬೂಟು ಬೀಳುತ್ತದೆ. ಒದ್ದೆ ನೆಲದಲ್ಲಿ ನಡೆದ ಮಿತಿಯೊಳಗಿನ ಗುಂಪು, ಮಾಘದ ಒಣನೆಲದಲ್ಲಿ ನಡೆದ ಅದರ ಎರಡರಷ್ಟು ಗುಂಪಿಗಿಂತ ಹೆಚ್ಚು ಕೆಡಿಸೀತು. ಮಿತಿಯ ಪಟ್ಟಿಯಲ್ಲಿ ಆ ಎರಡೂ ದಿನಗಳು ಒಂದೇ.

ಎರಡನೆಯ ವಾದ ಇನ್ನೂ ಗಟ್ಟಿ. ದಾರಿ ಯಾಕೆ ಬೇಕು, ಮುಚ್ಚಿಬಿಡಿ, ಕಾಡು ಕಾಡಿನ ಪಾಡಿಗಿರಲಿ. 2012ರಲ್ಲಿ ಪಶ್ಚಿಮಘಟ್ಟದ 39 ತಾಣಗಳು ವಿಶ್ವ ಪರಂಪರೆಯ ಪಟ್ಟಿ ಸೇರಿದಾಗ ಕರ್ನಾಟಕದ 10 ಇದ್ದವು, ಕುದುರೆಮುಖವೂ ಪುಷ್ಪಗಿರಿಯೂ ಅದರೊಳಗೆ. ಮನುಷ್ಯರು ಹೊರಬಂದರೆ ಪ್ರಾಣಿಗಳಿಗೆ ಒಳ್ಳೆಯದು ಎನ್ನುವುದಕ್ಕೆ ಭದ್ರಾ ಅಭಯಾರಣ್ಯವನ್ನು ತೋರಿಸುತ್ತಾರೆ; 2002ರ ಹೊತ್ತಿಗೆ ಅಲ್ಲಿನ ನಾನೂರಕ್ಕೂ ಹೆಚ್ಚು ಕುಟುಂಬಗಳು ಹೊರಗೆ ನೆಲೆಗೊಂಡವು, ಆ ಸ್ಥಳಾಂತರ ದೇಶದ ಒಳ್ಳೆಯ ಮಾದರಿಗಳಲ್ಲಿ ಒಂದೆಂದು ಹೆಸರಾಗಿದೆ. ನಾನು ಈ ವಾದವನ್ನು ಅರ್ಧ ಒಪ್ಪುತ್ತೇನೆ. ಮುಚ್ಚಬೇಕಾದ ದಾರಿಗಳು ಖಂಡಿತ ಇವೆ. ಶೋಲಾ ಕಾಡಿನ ನೀರಿನ ಬಾಯಿಗೆ ಹೋಗುವಂಥವು, ಆನೆ ಓಡಾಡುವಂಥವು. ಅವು ಲಂಟಾನದ ಅಡಿ ಸೇರಿದ್ದಕ್ಕೆ ನನಗೆ ದುಃಖವಿಲ್ಲ. ಒಪ್ಪದಿರುವುದು ಇದನ್ನು: ಊರಿನವರು ಹುಲ್ಲಿಗೆ, ಸೊಪ್ಪಿಗೆ, ಹರಕೆಗೆ ನಡೆದರೆ ಕಾಡಿಗೆ ಹಾನಿ ಎಂದು ತಡೆದು, ಅದೇ ದಾರಿಯನ್ನು ಶುಲ್ಕ ಪಡೆದು ಪೇಟೆಯವರಿಗೆ ತೆರೆಯುವುದು. ತೆರೆದಿಟ್ಟ ಮೇಲೆ ಅದು ಕಾಡಿನ ಪಾಡಿಗಿಲ್ಲ. ಅದೊಂದು ಬಳಕೆಯ ದಾರಿ. ಬಳಕೆಯ ದಾರಿಗೆ ದುರಸ್ತಿಯ ಲೆಕ್ಕವೂ ಇರಬೇಕು. ಊರವರು ಹೊರಬಿದ್ದ ಕಡೆ ದುರಸ್ತಿ ತಿಳಿದ ಕೈಗಳೂ ಹೊರಬಿದ್ದವು ಎನ್ನುವುದನ್ನು ಸಂರಕ್ಷಣೆಯ ಚರ್ಚೆಯಲ್ಲಿ ನಾನು ಕೇಳಿದ್ದು ಅಪರೂಪ.

ಆ ಕೈಗಳಿಗೆ ಗೊತ್ತಿದ್ದದ್ದು ಕಲ್ಲು, ನೀರು ಮಾತ್ರವಲ್ಲ, ಬೆಂಕಿಯೂ. 2018ರ ಮಾರ್ಚಿನಲ್ಲಿ ತಮಿಳುನಾಡಿನ ತೇಣಿ ಜಿಲ್ಲೆಯ ಕುರಂಗಣಿಯಲ್ಲಿ ಕಾಡ್ಗಿಚ್ಚಿಗೆ ಸಿಕ್ಕಿ 20ಕ್ಕೂ ಹೆಚ್ಚು ಚಾರಣಿಗರು ಸತ್ತರು. ಒಣಗಿದ ಹುಲ್ಲಿನ ಇಳಿಜಾರಿನಲ್ಲಿ ಬೆಂಕಿ ಮೇಲ್ಮುಖವಾಗಿ ಓಡುತ್ತದೆ, ಮನುಷ್ಯನಿಗಿಂತ ವೇಗವಾಗಿ ಓಡುತ್ತದೆ. ಕರಡ ಒಣಗಿದ ಬ್ಯಾಣಕ್ಕೆ ಮಧ್ಯಾಹ್ನ ಗಾಳಿಯೆದ್ದ ಮೇಲೆ ಹೋಗಬಾರದೆಂಬುದು ದನ ಕಾಯುವ ಹುಡುಗನಿಗೂ ಗೊತ್ತಿರುವ ಮಾತು. ಈಗ ಬೇಸಿಗೆಯಲ್ಲಿ ಚಾರಣ ನಿಲ್ಲಿಸುತ್ತಾರೆ. ಸರಿಯಾದ ಕ್ರಮ.

ಇದೆಲ್ಲ ಹಳೆಯದನ್ನು ಹೊಗಳುವ ಚಪಲ, ಆ ದಾರಿಗಳು ಜೀತದಾಳುಗಳ ಬೆನ್ನಿನ ಮೇಲೆ ನಿಂತಿದ್ದವು ಎನ್ನುವವರಿಗೆ ನಾನು ಎದುರಾಡುವುದಿಲ್ಲ. ಆ ಹೊರೆಕಲ್ಲಿನ ಎತ್ತರ ಯಾರ ಎದೆಗೆ ಅಳತೆಯಾಗಿತ್ತು ಎಂದು ಕೇಳಿದರೆ ಉತ್ತರ ಇರುಸುಮುರುಸಿನದೇ. ತೋಟದ ಒಡೆಯ ಹೊರೆ ಹೊರುತ್ತಿರಲಿಲ್ಲ. ಗಂಜಿಗೆ ದುಡಿದವನು, ಸಾಲಕ್ಕೆ ಒತ್ತೆಯಾದವನು ಹೊರುತ್ತಿದ್ದ. ಜೀತ ನಿಷೇಧದ ಕಾನೂನು ಬಂದದ್ದು 1976ರಲ್ಲಿ. ಬಸುರಿಯನ್ನು ಕಂಬಳಿ ಜೋಲಿಯಲ್ಲಿ ಹೊತ್ತು ಇಳಿಸಬೇಕಾದ ಊರಿಗೆ ರಸ್ತೆ ಬೇಡ, ಕಾಲುದಾರಿ ಚಂದ ಎನ್ನುವುದು ಕ್ರೌರ್ಯ. ರಸ್ತೆ ಹೋಗಲಿ, ಮೊದಲು ಹೋಗಲಿ. ನಾನು ಉಳಿಸಬೇಕೆನ್ನುವುದು ಆ ಹೊರೆಯನ್ನಲ್ಲ, ಇಳಿಜಾರನ್ನು ಓದಿ ನೀರನ್ನು ತಿರುಗಿಸುವ ಕಸುಬನ್ನು. ಅದನ್ನು ಅಂದು ಮಾಡಿದವರಿಗೆ ಕೂಲಿ ಸಿಕ್ಕಲಿಲ್ಲ ಎಂಬುದು, ಇಂದು ಮಾಡುವವರಿಗೆ ಚೆನ್ನಾಗಿ ಕೂಲಿ ಕೊಡಬೇಕು ಎನ್ನುವುದಕ್ಕೆ ಕಾರಣವಾಗಬೇಕು.

ಊರವರ ಕೈಗೆ ಕೊಟ್ಟರೆ ಅದೂ ವ್ಯಾಪಾರವಾಗುತ್ತದೆ, ಕೊಡಚಾದ್ರಿಯ ಜೀಪುಗಳನ್ನು ನೋಡಿಲ್ಲವೇ ಎಂದು ಕೊನೆಯದಾಗಿ ಕೇಳುತ್ತಾರೆ. ನೋಡಿದ್ದೇನೆ. 1,343 ಮೀಟರು ಎತ್ತರದ ಆ ಬೆಟ್ಟಕ್ಕೆ ಜೀಪು ಹತ್ತಿ ಹತ್ತಿ ದಾರಿ ದಾರಿಯಾಗಿ ಉಳಿದಿಲ್ಲ. ಒಳಗೆ ಕೂತವರ ಬೆನ್ನುಮೂಳೆ ಅದಕ್ಕೆ ಸಾಕ್ಷಿ. ಆದರೆ ಜೀಪಿನವನಿಗೆ ಹಣ ಬರುವುದು ಎಷ್ಟು ಜನರನ್ನು ಮೇಲೆ ಮುಟ್ಟಿಸಿದ ಎಂಬ ಲೆಕ್ಕದಲ್ಲಿ. ದಾರಿ ಹೇಗಿದೆ ಎನ್ನುವುದಕ್ಕೆ ಅವನಿಗೆ ಯಾರೂ ಕೊಡುವುದಿಲ್ಲ. ಕೊಡುವ ಬಗೆ ಬದಲಾದರೆ ಕೆಲಸವೂ ಬದಲಾಗುತ್ತದೆ. ಇದಕ್ಕೆ ಹೊಸ ಇಲಾಖೆಯನ್ನೇನೂ ಹುಟ್ಟಿಸಬೇಕಿಲ್ಲ. ಕುದುರೆಮುಖದಲ್ಲಿ, ನೇತ್ರಾವತಿಯಲ್ಲಿ ಚಾರಣಿಗರ ಜೊತೆ ಗೈಡ್ ಇರಲೇಬೇಕೆಂಬ ನಿಯಮ ಈಗಾಗಲೇ ಇದೆ. ಗೈಡುಗಳು ಸುತ್ತಲಿನ ಹಳ್ಳಿಗಳ ಹುಡುಗರು. ಅವರ ಮನೆಯಲ್ಲಿ ತೋಟವಿದೆ, ಗುದ್ದಲಿ, ಹಾರೆ, ಕತ್ತಿ ಇದೆ, ಬಸಿಗಾಲುವೆ ಬಿಡಿಸಿ ಗೊತ್ತಿದೆ. ಈಗಿನ ಏರ್ಪಾಡಿನಲ್ಲಿ ಅವರ ಕೆಲಸ ಗುಂಪಿನ ಮುಂದೆ ನಡೆಯುವುದು, ಪ್ಲಾಸ್ಟಿಕ್ ಎಸೆಯಬೇಡಿ ಎನ್ನುವುದು, ಸಂಜೆಯೊಳಗೆ ಇಳಿಸಿ ತರುವುದು. ಬೆಂಕಿಯ ಭಯಕ್ಕೆ ಚಾರಣ ನಿಂತಿರುವ ತಿಂಗಳುಗಳಲ್ಲಿ ಅವರಿಗೆ ಆ ಆದಾಯವೂ ಇಲ್ಲ. ನೀರು ತಿರುಗಿಸುವ ಕಲ್ಲು ಹೂಳಲು, ಕೊರಕಲಿಗೆ ಅಡ್ಡ ಕಟ್ಟಲು, ಅಂಚಿನ ಕಳ್ಳದಾರಿಗಳಿಗೆ ಮುಳ್ಳು ಹಾಕಿ ಹುಲ್ಲಿಗೆ ಬಿಡಲು ಸರಿಯಾದ ಕಾಲವೂ ಅದೇ, ರೋಹಿಣಿ ಮಳೆ ಹನಿಯುವುದಕ್ಕೆ ಮುಂಚಿನದು. ಚಾರಣಶುಲ್ಕದ ಒಂದು ಪಾಲನ್ನು ಆ ವಾರಗಳ ಕೂಲಿಗೆ ಎತ್ತಿಟ್ಟರೆ ಆಯಿತು. ಕೂಲಿಯನ್ನು ಎಷ್ಟು ಮೀಟರು ದುರಸ್ತಿಯಾಯಿತು ಎಂದು ಅಳೆಯದೆ, ಮಳೆಗಾಲ ಕಳೆದ ಮೇಲೆ ಎಷ್ಟು ನಿಂತಿದೆ ಎಂದು ನೋಡಿ ಉಳಿದ ಭಾಗ ಕೊಡುವಂತಿದ್ದರೆ ಇನ್ನೂ ಒಳ್ಳೆಯದು. ತೋಟದ ಗುತ್ತಿಗೆಯಲ್ಲಿ ಇದು ಹೊಸ ಪದ್ಧತಿಯಲ್ಲ. ಶುರುಮಾಡಲು ಎಲ್ಲ ಬೆಟ್ಟಗಳೂ ಬೇಕಿಲ್ಲ. ಕುಮಾರಪರ್ವತದಲ್ಲಿ ಗಿರಿಗದ್ದೆಯಿಂದ ಕಲ್ಲುಮಂಟಪದವರೆಗಿನ ಏರೊಂದನ್ನು ಹಿಡಿದರೆ ಸಾಕು. ಅಲ್ಲಿ ಕೊರಕಲುಗಳ ನಡುವೆ ಹುಲ್ಲಿನ ಪಟ್ಟಿಗಳು ಇನ್ನೂ ಉಳಿದಿವೆ. ಅವು ಕುಸಿದು ಕೊರಕಲುಗಳು ಒಂದಾದ ಮೇಲೆ ಗುದ್ದಲಿಯಿಂದ ಆಗುವ ಕೆಲಸವಲ್ಲ, ಸಿಮೆಂಟಿನ ಮೆಟ್ಟಿಲು ಕೇಳುವವರು ಬರುತ್ತಾರೆ, ಟೆಂಡರೂ ಆಗುತ್ತದೆ.